ಮೀಟರು, ಮಾಳಿಗೆ, ಮೊಬೈಲು

ಪರಸ್ಥಳದಲ್ಲಿ ನಾಲ್ವರು ಕನ್ನಡಿಗರು ಕೂಡಿದರೆಂದರೆ ಮಾತು ಊರಿನ ಮಳೆಬೆಳೆಯಿಂದ ಆರಂಭವಾಗಿ, ರೈಲಿನ ರಿಸರ್ವೇಶನ್ನಿಗೆ ಬಂದು, ಮಕ್ಕಳ ಮದುವೆಯಲ್ಲಿ ಮುಗಿಯುವುದು ಬಹುದಿನದ ವಾಡಿಕೆ. ಈಚೆಗೆ ಈ ಕ್ರಮ ಕೆಟ್ಟಿದೆ. ಸಂಘದ ಕಾರ್ಯಕ್ರಮದಲ್ಲಿ ಉಪ್ಪಿಟ್ಟಿನ ತಟ್ಟೆ ಕೈಗೆ ಬರುವುದಕ್ಕೆ ಮೊದಲೇ, “ನಿಮ್ಮ ಮೀಟರು ಈ ತಿಂಗಳು ಎಷ್ಟು ಓಡಿತು?” ಎಂದು ಒಬ್ಬರು ಕೇಳುತ್ತಾರೆ. “ಮಾಳಿಗೆಯ ಮೇಲೆ ಎಷ್ಟು ಕಿಲೋವಾಟು ಹಾಕಿಸುವಿರಿ?” ಎಂದು ಮತ್ತೊಬ್ಬರು. “ಈ ಮೊಬೈಲಿನಲ್ಲಿ ಬ್ಯಾಂಕಿನದೇನೋ ಬರುತ್ತಿದೆ, ಸ್ವಲ್ಪ ನೋಡಿ” ಎಂದು ಹಿರಿಯರೊಬ್ಬರು ಅದನ್ನು ಎಳೆಯ ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ.

ಈ ವಿಷಯಗಳಲ್ಲಿ ಅಭಿಪ್ರಾಯವಿಲ್ಲದವರೇ ಇಲ್ಲ. ಅಭಿಪ್ರಾಯಕ್ಕೆ ಇನ್ನೂ ತೆರಿಗೆ ಬಿದ್ದಿಲ್ಲವಷ್ಟೆ! ಆದರೆ ನಾವು ಗುಮಾಸ್ತೆ ಕೆಲಸದವರು. ಕಾಗದ ನೋಡದೆ ಟಿಪ್ಪಣಿ ಬರೆಯುವ ಅಭ್ಯಾಸ ನಮಗಿಲ್ಲ. ಆದುದರಿಂದ ಈ ಮಾತುಗಳಲ್ಲಿ ಲೆಕ್ಕಕ್ಕೆ ನಿಲ್ಲುವುದು ಎಷ್ಟು, ಬರೀ ಗಾಳಿಮಾತು ಎಷ್ಟು ಎಂಬುದನ್ನು ಬಿಲ್ಲು, ಲೇಬಲ್ಲು, ಸರಕಾರದ ಪ್ರಕಟಣೆಗಳನ್ನು ಮುಂದಿಟ್ಟುಕೊಂಡು ನೋಡಿದೆವು. ಓದುಗರ ಮನೆಗಳಲ್ಲಿಯೂ ಇದೇ ಚರ್ಚೆ ನಡೆದಿರಬಹುದೆಂದು ನಂಬಿ, ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮನೆಯೊಳಗಿನ ಮೀಟರು. ಒಂದು ಯೂನಿಟ್ ಎಂದರೆ 1000 ವಾಟಿನ ಯಂತ್ರವೊಂದು ಒಂದು ತಾಸು ನಡೆದರೆ ಖರ್ಚಾಗುವ ವಿದ್ಯುತ್ತು. ಇಷ್ಟು ತಿಳಿದರೆ ಉಳಿದದ್ದೆಲ್ಲ ಗುಣಾಕಾರ, ಭಾಗಾಕಾರ. ನಮ್ಮ ಮನೆಯಲ್ಲಿ ಈ ಲೆಕ್ಕವನ್ನು ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುವವರು ಗೃಹಿಣಿ. ನಾವು ನಕಲು ಮಾಡಿಕೊಂಡವರು. ಅವರು ಮೊದಲು ಹಿಡಿದದ್ದು ಫ್ಯಾನನ್ನು. ಹಳೆಯ ಫ್ಯಾನು 75 ವಾಟಿನದು. ದಿನಕ್ಕೆ 15 ತಾಸು ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್. ಈಗ ಬರುತ್ತಿರುವ ಬಿಎಲ್‌ಡಿಸಿ ಎಂಬ ಜಾತಿಯ ಫ್ಯಾನು 30 ವಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ತಿಂಗಳಿಗೆ 14 ಯೂನಿಟ್ ಸಾಕು. ಮೂರು ಫ್ಯಾನಿಗೆ 60 ಯೂನಿಟ್ ಉಳಿಯಿತು. ಮುಂಬಯಿಯ ಸೆಕೆಯಲ್ಲಿ ಫ್ಯಾನು ನಿಲ್ಲಿಸುವ ಉಪದೇಶಕ್ಕಿಂತ ಇದು ಎಷ್ಟೋ ವಾಸಿ.

ಅವರು ಎರಡನೆಯದಾಗಿ ಹಿಡಿದದ್ದು ಟಿ.ವಿ.ಯ ಕೆಳಗಿನ ಪೆಟ್ಟಿಗೆಯನ್ನು. ಟಿ.ವಿ. ಆರಿಸಿದರೂ ಅದರ ಕೆಂಪು ಕಣ್ಣು ಆರುವುದಿಲ್ಲ. ಕಣ್ಣು ತೆರೆದಿರುವಷ್ಟು ಹೊತ್ತೂ ಅಂಥ ಪೆಟ್ಟಿಗೆ 10 ವಾಟಿನಷ್ಟು ಉಣ್ಣುತ್ತಿದ್ದರೆ ತಿಂಗಳಿಗೆ 7 ಯೂನಿಟ್ ಆಯಿತು. ಗೋಡೆಯ ಗುಂಡಿ ಒತ್ತಿದರೆ ಮುಗಿಯಿತು. ಗೀಸರಿನ ವಿಷಯದಲ್ಲಿ ಮಾತ್ರ ಅವರ ಲೆಕ್ಕ ನಮ್ಮ ಊಹೆಗಿಂತ ಸೌಮ್ಯವಾಗಿತ್ತು. 15 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಬೇಕಾದದ್ದು ಸುಮಾರು 0.6 ಯೂನಿಟ್, ಅಷ್ಟೇ. ಖರ್ಚು ಏರುವುದು ಬೆಳಗಿನ ಐದಕ್ಕೆ ಹಾಕಿ ಒಂಬತ್ತಕ್ಕೆ ಆರಿಸುವವರಿಂದ; ಅಂಥವರು ನಮ್ಮ ಮನೆಯಲ್ಲಿಯೂ ಒಬ್ಬರಿದ್ದಾರೆ, ಕಾಲೇಜಿಗೆ ಹೋಗುತ್ತಾರೆ, ಹೆಸರು ಬೇಡ.

ಅಂಗಡಿಯಲ್ಲಿ ನಕ್ಷತ್ರ ಎಣಿಸುವವರಿಗೆ ಒಂದು ಮಾತು. ವಿದ್ಯುತ್ ಉಪಕರಣಗಳಿಗೆ ನಕ್ಷತ್ರದ ಚೀಟಿ ಅಂಟಿಸುವ ಏರ್ಪಾಡು ನಮ್ಮ ದೇಶದಲ್ಲಿ 2006ರಲ್ಲಿ ಬಂದಿತು. ಫ್ಯಾನಿಗೆ ಅದು ಕಡ್ಡಾಯವಾದದ್ದು 2023ರ ಜನವರಿಯಿಂದ. ಐದು ನಕ್ಷತ್ರವೆಂದ ಮಾತ್ರಕ್ಕೆ ಖರ್ಚು ಕಡಿಮೆಯೆಂದಲ್ಲ. ಅದೇ ಗಾತ್ರದ ಮಿಕ್ಕ ಯಂತ್ರಗಳಿಗಿಂತ ಕಡಿಮೆ ಎಂದಷ್ಟೇ ಅರ್ಥ. ಐದು ನಕ್ಷತ್ರದ ದೊಡ್ಡ ಫ್ರಿಜ್ಜು ಮೂರು ನಕ್ಷತ್ರದ ಚಿಕ್ಕದಕ್ಕಿಂತ ಹೆಚ್ಚು ಉಣ್ಣಬಹುದು. ಚೀಟಿಯ ಮೇಲೆಯೇ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಂಕಿ ಅಚ್ಚಾಗಿರುತ್ತದೆ. ಆ ಅಂಕಿಯನ್ನು ಓದಬೇಕು. ನಕ್ಷತ್ರ ಆಕಾಶದಲ್ಲಿ ನೋಡಿದರೆ ಸಾಕು.

ಸಂಘದ ಕಾರ್ಯಕ್ರಮಗಳಲ್ಲಿ ನಾವು ಅನೇಕ ಸಲ ಕೇಳಿದ ಇನ್ನೊಂದು ನಂಬಿಕೆ: “300 ಯೂನಿಟ್ ದಾಟಿದರೆ ಸಾಕು, ಪೂರ್ತಿ ಬಿಲ್ಲಿಗೆ ಮೇಲಿನ ದರ ಬೀಳುತ್ತದೆ.” ಮಹಾರಾಷ್ಟ್ರದ ಮನೆಬಳಕೆಯ ಬಿಲ್ಲಿನಲ್ಲಿ ಹಾಗಿಲ್ಲ. ಮೊದಲ 100ಕ್ಕೆ ಒಂದು ದರ, 101ರಿಂದ 300ಕ್ಕೆ ಇನ್ನೊಂದು. ದಾಟಿದ ಯೂನಿಟ್ಟುಗಳಿಗೆ ಮಾತ್ರ ಮೇಲಿನ ದರ. ಆದರೆ ಉಳಿತಾಯ ಮಾಡುವಾಗ ಮೊದಲು ಉಳಿಯುವುದು ಆ ತುದಿಯ ತುಟ್ಟಿ ಯೂನಿಟ್ಟುಗಳೇ. ಫ್ಯಾನು ಬದಲಿಸಿದ ಮನೆಗಳಲ್ಲಿ ಬಿಲ್ಲು ಎಣಿಸಿದ್ದಕ್ಕಿಂತ ಹೆಚ್ಚು ಇಳಿದಂತೆ ಕಾಣುವುದಕ್ಕೆ ಇದೇ ಕಾರಣ.

ಇನ್ನು ಮಾಳಿಗೆಗೆ ಹತ್ತೋಣ.

ನಾವಿರುವುದು ಡೊಂಬಿವಲಿಯ ನಾಲ್ಕು ಅಂತಸ್ತಿನ ಹಳೆಯ ಕಟ್ಟಡದಲ್ಲಿ. ಮನೆಗಳು 28. ಅದರಲ್ಲಿ ಕನ್ನಡದವು ಏಳು. ಮಿಕ್ಕವು ಮರಾಠಿ, ಗುಜರಾತಿ, ಎರಡು ತಮಿಳು. ಮಳೆಗಾಲದ ಸೋರಿಕೆಗೆ ಹೆದರಿ ಈ ಕಡೆಯ ಅನೇಕ ಸೊಸೈಟಿಗಳಂತೆ ನಮ್ಮವರೂ ಮಾಳಿಗೆಗೆ ತಗಡಿನ ಮಾಡು ಹೊದಿಸಿದ್ದಾರೆ. ಅದರ ಅಂಚಿನಲ್ಲಿ ಉಳಿದಿರುವ ಬಿಸಿಲಿನ ಪಟ್ಟಿಯಲ್ಲಿ ಮಾರ್ಚಿ ತಿಂಗಳೆಲ್ಲ ಹಪ್ಪಳ, ಸಂಡಿಗೆ, ಮೆಣಸಿನಕಾಯಿ. ಹೀಗಿರುವ ಮಾಳಿಗೆಯ ಮೇಲೆ ಸೂರ್ಯಶಕ್ತಿಯ ಫಲಕ ಹಾಕಿಸಬೇಕೆಂಬ ಸೂಚನೆ ಸೊಸೈಟಿಯ ಸಭೆಗೆ ಬಂದಾಗ, ಮೊದಲ ಆಕ್ಷೇಪಣೆ ಎದ್ದದ್ದು ಸಂಡಿಗೆಯ ಪಕ್ಷದಿಂದ. ಆ ಪಕ್ಷವನ್ನು ಲಘುವಾಗಿ ಕಾಣಲಾಗದು. ಊರಿನ ಬಾಳಕದ ಮೆಣಸಿನಕಾಯಿಯನ್ನು ಪ್ಲಾಸ್ಟಿಕ್ಕಿನ ಪೊಟ್ಟಣದಲ್ಲಿ ಕೊಂಡು ತಿನ್ನುವ ಕಾಲ ಬಂದರೆ ಪರಊರಿನ ಬಾಳಿನಲ್ಲಿ ಉಳಿಯುವುದಾದರೂ ಏನು? ಕೊನೆಗೆ ಫಲಕಗಳನ್ನು ತಗಡಿನ ಮೇಲೆಯೇ ಕೂರಿಸುವುದು, ಬಿಸಿಲಿನ ಪಟ್ಟಿಯನ್ನು ಮುಟ್ಟಕೂಡದು ಎಂದು ಆ ಪಕ್ಷವನ್ನು ಸಮಾಧಾನ ಮಾಡಲಾಯಿತು.

ಸರಕಾರದ ಯೋಜನೆಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಪಿಎಂ ಸೂರ್ಯಘರ್ ಎಂಬ ಈ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಒಂದು ಕೋಟಿ ಮನೆಗಳ ಗುರಿ. ಸ್ವಂತ ಮಾಳಿಗೆಯುಳ್ಳ ಮನೆಗೆ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000ಕ್ಕೆ ಮೀರದಂತೆ ಸಹಾಯಧನ. ನಮ್ಮಂಥ ಸೊಸೈಟಿಗಳಿಗೆ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಮೊದಲಾದ ಸಾರ್ವಜನಿಕ ಖರ್ಚಿಗಾಗಿ ಕಿಲೋವಾಟಿಗೆ 18,000 ರೂಪಾಯಿ.

ಒಂದು ಕಿಲೋವಾಟಿಗೆ ಬೇಕಾದ ಜಾಗ ಸುಮಾರು 100 ಚದರಡಿ. ಅದು ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಮಳೆ, ಮೋಡ ಎಲ್ಲ ಸೇರಿ ವರ್ಷಕ್ಕೆ 1400 ಯೂನಿಟ್ ಎಂದು ಹಿಡಿಯಬಹುದು. ನಮ್ಮ ಸೊಸೈಟಿಗೆ 10 ಕಿಲೋವಾಟು ಎಂದಾದರೆ ವರ್ಷಕ್ಕೆ 14,000 ಯೂನಿಟ್. ವೆಚ್ಚ ಸುಮಾರು ಆರು ಲಕ್ಷವೆಂದು ಹಿಡಿದು 1,80,000 ಸಹಾಯಧನ ಕಳೆದರೆ 4,20,000 ಉಳಿಯಿತು. ಮನೆಗೆ 15,000 ರೂಪಾಯಿ. ಯೂನಿಟಿಗೆ 10 ರೂಪಾಯಿಯಂತೆ ಲೆಕ್ಕ ಹಾಕಿದರೂ ವರ್ಷಕ್ಕೆ 1,40,000 ಉಳಿತಾಯ. ಮೂರು ವರ್ಷದಲ್ಲಿ ಅಸಲು ಬಂದಂತಾಯಿತು. ಫಲಕಗಳ ಆಯುಸ್ಸು 25 ವರ್ಷವೆನ್ನುತ್ತಾರೆ. ನಡುವೆ ಒಮ್ಮೆ, ಹತ್ತು ಹನ್ನೆರಡು ವರ್ಷಕ್ಕೆ, ಇನ್ವರ್ಟರು ಬದಲಿಸಬೇಕಾಗುವುದು. ಮಾರುವವರು ಇದನ್ನು ಮೆಲುದನಿಯಲ್ಲಿ ಹೇಳುತ್ತಾರೆ. ಧೂಳು, ಪಾರಿವಾಳಗಳ ಹಾವಳಿಗೆ ಒಬ್ಬ ಆಳನ್ನೂ ನೇಮಿಸಬೇಕು. ಇದನ್ನು ಅವರು ಹೇಳುವುದೇ ಇಲ್ಲ.

ಸಭೆಯಲ್ಲಿ ಎಲ್ಲರಿಗಿಂತ ಉತ್ಸಾಹ ತೋರಿದವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಮಹನೀಯರು. “ಇನ್ನು ಕರೆಂಟು ಹೋದರೂ ನಮಗೇನು? ಸೂರ್ಯನಿರುವತನಕ ಲಿಫ್ಟು ನಡೆಯುತ್ತದೆ” ಎಂದರು. ಇದು ಬಹಳ ಮಂದಿ ನಂಬಿರುವ ಸಂಗತಿ, ಆದರೆ ಸರಿಯಲ್ಲ. ಬ್ಯಾಟರಿಯಿಲ್ಲದೆ ಸರಬರಾಜಿನ ತಂತಿಗೆ ಜೋಡಿಸಿದ ಸೌರಯಂತ್ರ, ತಂತಿಯಲ್ಲಿ ವಿದ್ಯುತ್ತು ನಿಂತ ಕ್ಷಣವೇ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲುವಂತೆಯೇ ಅದನ್ನು ಮಾಡಿರುವರು. ಇಲ್ಲದಿದ್ದರೆ ರಸ್ತೆಯಲ್ಲಿ ತಂತಿ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯುವುದು. ಈ ಕಾರಣ ಕೇಳಿದ ಮೇಲೆ ಗಾರ್ಡ್ ಸಾಹೇಬರು ತಕ್ಷಣ ಒಪ್ಪಿದರು. ಹಳಿಯ ಮೇಲೆ ಕೆಲಸ ಮಾಡುವವರ ಜೀವ ಎಷ್ಟು ಅಗ್ಗವೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನೆಲಮಾಳಿಗೆಯ ಮನೆಯವರು, “ನಾವು ಲಿಫ್ಟು ಹತ್ತುವವರಲ್ಲ, 15,000 ಯಾಕೆ ಕೊಡಬೇಕು?” ಎಂದರು. “ನೀರು ಕುಡಿಯುವವರು ಹೌದಷ್ಟೆ, ಪಂಪು ಅದರಲ್ಲೇ ನಡೆಯುತ್ತದೆ” ಎಂದು ಉತ್ತರ ಬಂದಿತು. ಉಡುಪಿ ಹೋಟೆಲಿನ ಯಜಮಾನರು ಜುಲೈ ತಿಂಗಳಲ್ಲಿ ಉತ್ಪತ್ತಿ ಅರ್ಧಕ್ಕೆ ಇಳಿದರೆ ಏನು ಮಾಡುವಿರೆಂದು ಕೇಳಿದರು. ಅದು ನಿಜವೇ, ಇಲ್ಲಿಯ ಜುಲೈನಲ್ಲಿ ಸೂರ್ಯನು ಸರಕಾರಿ ಸಾಹೇಬರಂತೆ, ಬಂದರೆ ಬಂದ. ಆದರೆ ಲೆಕ್ಕ ವರ್ಷದ್ದು, ತಿಂಗಳದ್ದಲ್ಲ.

ಇವೆಲ್ಲಕ್ಕೂ ಉತ್ತರವಿತ್ತು. ಉತ್ತರ ಸಿಗದೆ ಸಭೆ ಸುಮ್ಮನಾದದ್ದು ಎರಡನೆಯ ಅಂತಸ್ತಿನ ಹಿರಿಯರೊಬ್ಬರ ಮಾತಿಗೆ. ಬೆಳಗಾವಿ ಕಡೆಯವರು, 31 ವರ್ಷದಿಂದ ಇದೇ ಕಟ್ಟಡದಲ್ಲಿದ್ದಾರೆ. “25 ವರ್ಷದ ಸಾಮಾನಿಗೆ ನಾನು ಯಾಕೆ ದುಡ್ಡು ಹಾಕಲಿ? ನಾಳೆ ಊರಿಗೆ ಹೋಗುವವ ನಾನು” ಎಂದರು. ಯಾರೂ ನಗಲಿಲ್ಲ. ಕನ್ನಡದ ಏಳು ಮನೆಗಳಲ್ಲಿ ಆ ಮಾತನ್ನು ಒಂದಲ್ಲ ಒಂದು ಸಲ ಆಡದವರಿಲ್ಲ. ಇದೇ ಮಾತಿನ ಮೇಲೆ ನಾವು ಗೋಡೆಗೆ ಬಣ್ಣ ಬಳಿಸದೆ, ಅಡಿಗೆಮನೆಯ ಕಟ್ಟೆ ಸರಿಮಾಡಿಸದೆ, ನೆರೆಯವರ ಭಾಷೆ ನೆಟ್ಟಗೆ ಕಲಿಯದೆ ವರ್ಷ ಕಳೆದಿದ್ದೇವೆ. ಆ ಹಿರಿಯರ ಮಗನಿಗೆ ಇಲ್ಲಿಯೇ ಕೆಲಸ. ಮೊಮ್ಮಗಳು ಶಾಲೆಯಲ್ಲಿ ಮರಾಠಿ ಭಾಷಣಕ್ಕೆ ಬಹುಮಾನ ತಂದಿದ್ದಾಳೆ. ಊರಿನ ಮನೆಯ ಹೆಂಚು ಪಾಲುದಾರರ ವ್ಯಾಜ್ಯದಲ್ಲಿ ಕುಸಿದಿದೆ. ಫಲಕ ಮಾರಲು ಬಂದ ಹುಡುಗನಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅವನು ವಾರಂಟಿಯ ಕಾಗದವನ್ನು ಎರಡನೆಯ ಸಲ ಓದಿದನು. ಸಭೆಯನ್ನು ಮುಂದಿನ ತಿಂಗಳಿಗೆ ಮುಂದೂಡಲಾಯಿತು. ಹಿರಿಯರು ಇನ್ನೂ ಸಹಿ ಹಾಕಿಲ್ಲ, ಹಾಕುವುದಿಲ್ಲವೆಂದೂ ಹೇಳಿಲ್ಲ.

(ಕೆಳಗೆ ಬ್ಯಾಟರಿ ಸ್ಕೂಟರಿಗೆ ಪ್ಲಗ್ಗು ಯಾರ ಮೀಟರಿನಿಂದ ಎಂಬ ಜಗಳವೂ ಇದೆ. ಅದಕ್ಕೆ ಬೇರೆ ಸಂಚಿಕೆಯೇ ಬೇಕು.)

ಮಾಳಿಗೆಯ ವಿದ್ಯುತ್ತು ನಮ್ಮದೆಂದಾಯಿತು. ರಾತ್ರಿಯದು ಎಲ್ಲಿಯದು? 2025ರ ನಡುವಿಗೆ ನಮ್ಮ ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳಲ್ಲದ ಮೂಲದ್ದಾಯಿತೆಂದು ಸರಕಾರ ಪ್ರಕಟಿಸಿತು. ಇದನ್ನು ಓದಿ “ಅರ್ಧ ವಿದ್ಯುತ್ತು ಹಸಿರಾಯಿತು” ಎಂದು ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಮಿಠಾಯಿ ಹಂಚುವುದೊಂದೇ ಬಾಕಿ. ಆದರೆ ಸಾಮರ್ಥ್ಯ ಬೇರೆ, ಉತ್ಪತ್ತಿ ಬೇರೆ. ಹಗಲು ಮಾತ್ರ ದುಡಿಯುವ ಸೂರ್ಯನ ಯಂತ್ರವೂ ಹಗಲಿರುಳು ದುಡಿಯುವ ಕಲ್ಲಿದ್ದಲಿನ ಯಂತ್ರವೂ ಸಾಮರ್ಥ್ಯದ ಪಟ್ಟಿಯಲ್ಲಿ ಸರಿಸಮ. ನಿಜವಾಗಿ ಹುಟ್ಟುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಈಗಲೂ ಸುಮಾರು ಮುಕ್ಕಾಲು. ಸಂಜೆ ಏಳಕ್ಕೆ ನಾವು ಲೋಕಲ್ ರೈಲಿನಿಂದಿಳಿದು ಮನೆಗೆ ಬಂದು ದೀಪ ಹಾಕುವ ಹೊತ್ತಿಗೆ ಸೂರ್ಯನು ಮನೆಗೆ ಹೋಗಿರುತ್ತಾನೆ.

ಗಾಳಿ ಸ್ವಲ್ಪ ನೆರವಾಗುತ್ತದೆ. ಗದಗಿನ ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ರೈಲಿನಿಂದಲೋ ಬಸ್ಸಿನಿಂದಲೋ ಕಾಣದ ಉತ್ತರ ಕರ್ನಾಟಕದವರು ಕಡಿಮೆ. ಅವು ಚೆನ್ನಾಗಿ ತಿರುಗುವುದು ಜೂನಿನಿಂದ ಸೆಪ್ಟೆಂಬರಿನವರೆಗೆ, ಅಂದರೆ ಮೋಡ ಕವಿದು ಸೂರ್ಯನ ಫಲಕಗಳು ಸೊರಗುವ ಕಾಲಕ್ಕೆ. ಇದು ಯಾರೂ ಯೋಜಿಸದೆ ಕೂಡಿಬಂದ ಅನುಕೂಲ.

ಹಸಿರು ವಿದ್ಯುತ್ತು ಎಂಬುದಕ್ಕೂ ಯಾರದೋ ನೆಲ ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರ ಉದ್ಯಾನವಿದೆ. 2018ರಲ್ಲಿ ಮೊದಲ ಭಾಗ, 2019ರ ಕೊನೆಗೆ ಪೂರ್ತಿ. ಅಲ್ಲಿ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಬರಗಾಲದಲ್ಲಿ ಕಡಲೆಕಾಯಿ ಬೆಳೆದು ಸೋತ ರೈತನಿಗೆ ಇದು ಕೆಟ್ಟ ಏರ್ಪಾಡೇನೂ ಅಲ್ಲವೆಂದು ನಮ್ಮ ಅಭಿಪ್ರಾಯ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ನೆಲವಿಲ್ಲದವರಿಗೆ ಗುತ್ತಿಗೆಯ ಹಣ ಬರುವುದಿಲ್ಲ. ಕಳೆ ಕೀಳುವ ಕೆಲಸವೂ ಹೋಯಿತು. ಫಲಕ ಒರೆಸುವ, ಕಾವಲು ಕಾಯುವ ಕೆಲಸ ಎಷ್ಟು ಮಂದಿಗೆ ಸಿಕ್ಕೀತು?

ಶರಾವತಿಯ ಕಥೆ ಇನ್ನೂ ಹಳೆಯದು. ನಮ್ಮ ಸಂಘದಲ್ಲಿ ಸಾಗರದ ಕಡೆಯ ಹಿರಿಯರೊಬ್ಬರಿದ್ದಾರೆ. ದೀಪಾವಳಿಗೆ ಬಣ್ಣದ ದೀಪಗಳ ಸರ ಹಾಕಿದಾಗ ಅವರು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. “ನಮ್ಮ ಮನೆಯ ಮೇಲಿನ ನೀರು” ಎನ್ನುತ್ತಾರೆ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರಿನಲ್ಲಿ ಹಳ್ಳಿಗಳು, ತೋಟಗಳು ಮುಳುಗಿದವು. ಹಿಂದಿನ ಮಡೆನೂರು ಅಣೆಕಟ್ಟೂ ಅದರಲ್ಲಿಯೇ ಮುಳುಗಿದೆ. ಬೇಸಗೆಯಲ್ಲಿ ನೀರು ತೀರ ಇಳಿದರೆ ತಲೆ ಎತ್ತುತ್ತದೆ. ಮುಳುಗಿದವರು ಬೇರೆಡೆ ಹೋಗಿ ಕಾಡಂಚಿನಲ್ಲಿ ನೆಲೆಸಿದರು; ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ತೊಡಕು ಮಕ್ಕಳ ಕಾಲಕ್ಕೂ ಬಿಡಿಸಿಕೊಂಡಿಲ್ಲ. ಆಚೆ ದಡದಲ್ಲಿ ಉಳಿದವರು ಸಾಗರಕ್ಕೆ ಬರಲು ಲಾಂಚನ್ನೇ ನೆಚ್ಚಿಕೊಂಡರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈ 14ರಂದು. 1964ರಿಂದ ಲೆಕ್ಕ ಹಾಕಿ ನೋಡಿ, 61 ವರ್ಷ. ನಾಡಿಗೆ ದೀಪ ಕೊಟ್ಟವರಿಗೆ ದಾರಿ ಸಿಕ್ಕಲು ಅಷ್ಟು ಕಾಲ ಹಿಡಿಯಿತು.

ಈಗ ಅದೇ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಎದ್ದು ವಿವಾದಕ್ಕೆ ಎಡೆಮಾಡಿದೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವುದು ಅದರ ತತ್ತ್ವ. ಎತ್ತಲು ತಗಲುವಷ್ಟು ಇಳಿಸುವಾಗ ಸಿಗದು; ಆದರೂ ಸಂಜೆಯ ಯೂನಿಟಿಗೆ ಬೆಲೆ ಹೆಚ್ಚಾದ್ದರಿಂದ ಲಾಭವೆನ್ನುತ್ತಾರೆ. ಸಿಂಗಳೀಕಗಳ ಕಾಡು ಅದು. ನಮ್ಮ ಸೊಸೈಟಿಯ ಸಂಜೆಯ ದೀಪಕ್ಕೂ ಆ ಕಾಡಿಗೂ ಸಂಬಂಧವಿದೆಯೇ ಎಂದು ನಗುವವರಿದ್ದಾರೆ. ಸಂಜೆ ಏಳರಿಂದ ಹತ್ತರವರೆಗೆ ದೇಶವೆಲ್ಲ ಒಟ್ಟಿಗೆ ಗುಂಡಿ ಒತ್ತುವುದರಿಂದಲೇ ಇಂಥ ಯೋಜನೆಗಳು ಬೇಕಾಗುವುದು. ಬಟ್ಟೆ ಒಗೆಯುವ ಯಂತ್ರವನ್ನೂ ಇಸ್ತ್ರಿಯನ್ನೂ ಹಗಲಿಗೆ ಸರಿಸಬಲ್ಲವರು ಸರಿಸಲಿ. ನೌಕರಿಯವರ ಮನೆಯಲ್ಲಿ ಅದು ಭಾನುವಾರ ಮಾತ್ರ ಸಾಧ್ಯ ಎಂಬುದನ್ನೂ ಬಲ್ಲೆವು.

ಇನ್ನು ಅಂಗೈಯ ಯಂತ್ರ. ಮೀಟರಿಗೂ ಮೊಬೈಲಿಗೂ ನಂಟು ಬೆಳೆಸಿದವರಲ್ಲಿ ಕಳ್ಳರೂ ಉಂಟು. “ನಿಮ್ಮ ಕಳೆದ ತಿಂಗಳ ಬಿಲ್ಲು ಸಂದಾಯವಾಗಿಲ್ಲ, ಈ ರಾತ್ರಿ 9-30ಕ್ಕೆ ವಿದ್ಯುತ್ತು ಕಡಿಯಲಾಗುವುದು, ಕೂಡಲೇ ಈ ಅಧಿಕಾರಿಗೆ ಫೋನು ಮಾಡಿ” ಎಂಬ ಸಂದೇಶ ಕೆಲವು ವರ್ಷಗಳಿಂದ ದೇಶವೆಲ್ಲ ಹರಿದಾಡುತ್ತಿದೆ. ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ಫೋನು ಮಾಡಿದರು. ಆ ಕಡೆಯವನು ಬಹಳ ವಿನಯದಿಂದ, ಹತ್ತು ರೂಪಾಯಿ ಕಟ್ಟಿದರೆ ಸಾಕು, ಈ ಆ್ಯಪನ್ನು ಹಾಕಿಕೊಳ್ಳಿ ಎಂದನು. ಅದು ಅವರ ಮೊಬೈಲಿನ ಪರದೆಯನ್ನು ಅವನಿಗೆ ತೋರಿಸುವ ಆ್ಯಪು. ಅವರು ಹತ್ತು ರೂಪಾಯಿ ಕಟ್ಟುವಾಗ ಒತ್ತಿದ ಅಂಕಿಗಳೆಲ್ಲ ಅವನಿಗೆ ಕಂಡವು. ಪಿಂಚಣಿಯ 40,000 ರೂಪಾಯಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮಕ್ಕಳೆದುರು ತಲೆ ತಗ್ಗಿಸಬೇಕಾಯಿತೆಂದು ಎರಡು ತಿಂಗಳು ಅವರು ಯಾರ ಮನೆಗೂ ಬರಲಿಲ್ಲ. ಎಷ್ಟೋ ತಲೆಮಾರಿಗೆ ಅಕ್ಷರ ಕಲಿಸಿದವರು! ನಮಗೆ ಕೋಪ ಬಂದದ್ದು ಕಳ್ಳನ ಮೇಲಷ್ಟೇ ಅಲ್ಲ, “ಇಷ್ಟೂ ತಿಳಿಯುವುದಿಲ್ಲವೇ” ಎಂದ ಅವರ ಸ್ವಂತ ಬಂಧುಗಳ ಮೇಲೆಯೂ.

ಇದೇ ಸಂದೇಶ ಗದಗಿನ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ತಾಯಿಯವರಿಗೂ ಬಂದಿತ್ತು. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ, ಮಿತಿಗೊಳಪಟ್ಟು, 200 ಯೂನಿಟ್ಟಿನವರೆಗೆ ಮನೆಬಳಕೆ ಉಚಿತವಷ್ಟೆ. ತಾಯಿಯವರು ಪಕ್ಕದ ಮನೆಯ ಹುಡುಗನಿಂದ ಓದಿಸಿ, ಫೋನು ಮಾಡಿಸಿ, “ಬಿಲ್ಲು ಸೊನ್ನೆ ಬರತೈತಿ, ಅದರಾಗ ಏನ ಕಡೀತಿ ಕಡಿಯಪ್ಪಾ” ಎಂದರಂತೆ. ಆ ಕಡೆಯವನು ಫೋನಿಟ್ಟನು. (ಅವರ ಮನೆಯ ಮಾಳಿಗೆಗೆ ಫಲಕ ಹಾಕಿಸುವ ನಮ್ಮ ಸೂಚನೆಗೂ ಅದೇ ಉತ್ತರ ಬಂದಿದೆ: ಬಿಲ್ಲಿಲ್ಲದ ಮನೆಗೆ ಫಲಕ ಯಾಕೆ?)

ಮನೆಯ ಹಿರಿಯರಿಗೆ ಹೇಳಿಡಬೇಕಾದ ಸಂಗತಿಗಳು ಕೆಲವೇ. ಯುಪಿಐ 2016ರಲ್ಲಿ ಬಂದಿತು. ಅದರಲ್ಲಿ ಗುಪ್ತಸಂಖ್ಯೆ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ, ಪಡೆಯುವುದಕ್ಕೆ ಎಂದೂ ಬೇಕಿಲ್ಲ. “ಬಹುಮಾನ ಪಡೆಯಲು ಪಿನ್ ಒತ್ತಿ” ಎಂದವನು ಕಳ್ಳನೇ. ವಿಡಿಯೋ ಕರೆಯಲ್ಲಿ ಪೋಲೀಸು ಉಡುಪು ತೊಟ್ಟು “ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದೆ” ಎನ್ನುವವನೂ ಹಾಗೆಯೇ. ಅಂಥ ಬಂಧನ ಕಾನೂನಿನಲ್ಲಿಯೇ ಇಲ್ಲ. ಹಣ ಹೋದರೆ ನಾಚಿಕೊಂಡು ಕೂರದೆ ಆ ಗಳಿಗೆಯಲ್ಲಿಯೇ 1930ಕ್ಕೆ ಫೋನು ಮಾಡಬೇಕು. ಬೇಗ ಮಾಡಿದಷ್ಟೂ ಹಣ ಕೈ ಬದಲಾಗುವ ಮೊದಲೇ ತಡೆಹಿಡಿಯುವ ಸಂಭವ ಹೆಚ್ಚು. ಇವನ್ನು ಮೊಬೈಲಿನಲ್ಲಿ ಕಳಿಸಿದರೆ ಸಾಲದು, ದೊಡ್ಡ ಅಕ್ಷರದಲ್ಲಿ ಬರೆದು ಊರಿನ ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ ಬರಬೇಕು. ನಾವು ಹಾಗೆ ಮಾಡಿದ್ದೇವೆ.

ಮೊಬೈಲನ್ನು ಬೈದದ್ದು ಸಾಕು. ಅದರ ಉಪಕಾರವನ್ನೂ ಹೇಳಬೇಡವೇ? ಪರಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಬರೆಯಲು ಬಾರದು. ಕಾಗದ ಪೆನ್ನಿನಲ್ಲಿ ಕಲಿಸಹೋಗಿ ಸೋತ ತಂದೆತಾಯಿಗಳು ಎಷ್ಟು ಜನ! ನಮ್ಮ ಮಗಳು ಕಾಗುಣಿತ ಕಲಿತದ್ದು ಕೀಲಿಮಣೆಯಿಂದ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ಕರ್ನಾಟಕ ಸರಕಾರ ಮಾನ್ಯ ಮಾಡಿತು. ಅವರು ಒಂದು ಕಾಲಕ್ಕೆ ನಮ್ಮ ಮುಂಬಯಿಯಲ್ಲಿಯೇ ಕೆಲಸ ಮಾಡಿದವರು ಎಂಬುದು ನಮಗೆ ಹೆಮ್ಮೆ. ಅದರ ರಹಸ್ಯ ಸರಳ. ಕ ಒತ್ತಿ ದೀರ್ಘದ ಆ ಒತ್ತಿದರೆ ಕಾ. ಕ ಒತ್ತಿ, ಎಫ್ ಎಂಬ ಕೀಲಿ ಒತ್ತಿ, ಮತ್ತೆ ಕ ಒತ್ತಿದರೆ ಒತ್ತಕ್ಷರ. ವ್ಯಂಜನಕ್ಕೆ ಸ್ವರ ಸೇರಿದರೆ ಗುಣಿತ ಎಂಬ ವ್ಯಾಕರಣದ ಪಾಠವೇ ಬೆರಳಿಗೆ ಇಳಿಯಿತು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದರಿಂದ, ಇಲ್ಲಿ ಒತ್ತಿದ ಅಕ್ಷರ ಗದಗಿನ ಮೊಬೈಲಿನಲ್ಲಿ ಅದೇ ಅಕ್ಷರವಾಗಿ ಮೂಡುತ್ತದೆ. ಹಿಂದೆ ಫಾಂಟು ಬೇರೆಯಾದರೆ ಪ್ರೇಮಪತ್ರವೂ ಗೀಚುಗೆರೆಯಾಗಿ ಕಾಣುತ್ತಿದ್ದ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು.

ಮಾತಾಡಿದರೆ ತಾನೇ ಬರೆಯುವ ಏರ್ಪಾಡೂ ಬಂದಿದೆ. ಅಜ್ಜಿಯರಿಗೆ ಅದು ವರ. ಮಕ್ಕಳಿಗೆ ಬೇಡವೆಂದು ನಮ್ಮ ಮತ. ಅಕ್ಷರದ ಗುರುತೇ ಸಿಗದೆ ಹೋದೀತು. ಈ ವಿಷಯದಲ್ಲಿ ಮನೆಯಲ್ಲಿ ಒಮ್ಮತವಿಲ್ಲ.

ಕೊನೆಗೆ ಸಂಘದ ವಾಚನಾಲಯದ ಕಂಪ್ಯೂಟರಿನ ವಿಚಾರ. ವಿಂಡೋಸ್ 10 ಎಂಬ ತಂತ್ರಾಂಶಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಕಂಪ್ಯೂಟರಿಗೆ ಅದರ ಮುಂದಿನ ಆವೃತ್ತಿಯನ್ನು ಹೊರುವ ಯೋಗ್ಯತೆಯಿಲ್ಲವೆಂದು ಅದೇ ಹೇಳಿತು. ಕೀಲಿ ಸರಿಯಿದೆ, ಪರದೆ ಸರಿಯಿದೆ, ಒಳಗೆ ಒಂದು ತಿರುಪೂ ಸವೆದಿಲ್ಲ. ಆದರೂ ಗುಜರಿಗೆ ಹಾಕಿರೆಂದು ಸಲಹೆ! ಸೂರ್ಯನಿಂದ ನಾಲ್ಕು ಯೂನಿಟ್ ಉಳಿಸಹೊರಟವರು, ನಡೆಯುವ ಯಂತ್ರವನ್ನು ಹೀಗೆ ಬಿಸಾಡುವುದು ನಮಗೆ ಒಪ್ಪಿಗೆಯಾಗಲಿಲ್ಲ. ಸದಸ್ಯರೊಬ್ಬರ ಮಗ, ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಒಂದು ಮಧ್ಯಾಹ್ನ ಕುಳಿತು ಲಿನಕ್ಸ್ ಎಂಬ ಉಚಿತ ತಂತ್ರಾಂಶವನ್ನು ಅದರಲ್ಲಿ ಹಾಕಿಕೊಟ್ಟನು. ಖರ್ಚು ಎರಡು ಚಹಾ, ಒಂದು ವಡಾಪಾವ್. ಕನ್ನಡ ಅಕ್ಷರಗಳು ಸೊಗಸಾಗಿ ಮೂಡುತ್ತವೆ, ಊರಿನ ಪತ್ರಿಕೆಗಳನ್ನು ಓದಬಹುದು. ಪ್ರಿಂಟರು ಮಾತ್ರ ಇನ್ನೂ ಮುನಿಸಿಕೊಂಡಿದೆ. ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ಅದೇ ಹುಡುಗ ವಾಚನಾಲಯದಲ್ಲಿದ್ದು ಹಿರಿಯರಿಗೆ ಕನ್ನಡ ಕೀಲಿಮಣೆಯನ್ನೂ, ಕಳ್ಳರ ಸಂದೇಶ ಗುರುತಿಸುವುದನ್ನೂ ಹೇಳಿಕೊಡುತ್ತಾನೆ. ಬರುವವರು ತಮ್ಮ ಮೊಬೈಲನ್ನೂ, ಹಳೆಯ ಎರಡು ವಿದ್ಯುತ್ ಬಿಲ್ಲುಗಳನ್ನೂ, ಮರೆಯದೆ ಕನ್ನಡಕವನ್ನೂ ತರಬೇಕು. ನಿವೃತ್ತ ಶಿಕ್ಷಕಿಯವರು ಕಳೆದ ಎರಡು ವಾರ ಬಂದಿದ್ದರು.